ರುದ್ರೇಶನನ್ನು ತಕ್ಕಡಿ ಹತ್ತಿಸಬೇಡಿ

ಈ ಸಭೆಯ ಅಧ್ಯಕ್ಷರೂ ನಮ್ಮ ಮಧುಗಿರಿಯ ಬೆಲ್ಲದ ಮಂಡಿಯ ಯಜಮಾನರೂ ಆದ ಶ್ರೀ ಶಂಕರಲಿಂಗಪ್ಪನವರೇ, ಮಹಿಳಾ ಸಮಾಜದ ಕಾರ್ಯದರ್ಶಿಗಳೇ, ಊರಿನ ಹಿರಿಯರೇ, ಕೊರಟಗೆರೆ ಪಾವಗಡಗಳಿಂದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿರುವ ತಾಯಂದಿರೇ, ಮುಂದಿನ ಜಮಖಾನೆಯ ಮೇಲೆ ಕೂತು ಆಗಲೇ ಆಕಳಿಸುತ್ತಿರುವ ನನ್ನ ಶಾಲೆಯ ಹುಡುಗಿಯರೇ, ಮತ್ತು ಸಭಿಕರೇ,

ಮಕ್ಕಳ ದಿನಾಚರಣೆಯ ಈ ಸಮಾರಂಭದಲ್ಲಿ 'ಪುಷ್ಟಿಯೇ ಮಕ್ಕಳ ಭಾಗ್ಯ' ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದರೆ ವೇದಿಕೆಗೊಂದು ಶೋಭೆ, ಒಂದು ಶ್ಲೋಕ ಹೇಳಿ, ಮಕ್ಕಳು ದೇವರ ಸಮಾನ ಎಂದು ಹೇಳಿ ಕೂತುಬಿಡುತ್ತಾಳೆ ಎಂದುಕೊಂಡಿರಬಹುದು. ಶಿವರುದ್ರಮ್ಮ ಮೇಡಂ ಬಾಯಿ ತೆರೆದರೆ ಗಂಟೆ ಹೊಡೆದರೂ ಮುಚ್ಚುವುದಿಲ್ಲ ಎಂದು ನನ್ನ ಹುಡುಗಿಯರೇ ಆಡಿಕೊಳ್ಳುತ್ತಾರೆ. ನಗಬೇಡಿ ಕಣ್ರಮ್ಮ, ನನಗೆ ಎಲ್ಲಾ ಗೊತ್ತು. ಕರೆದ ತಪ್ಪಿಗೆ ಇವತ್ತು ನೀವು ಕೇಳಲೇಬೇಕು.

ಹೊರಗಿನಿಂದ ಬಂದವರಿಗಾಗಿ ನಮ್ಮೂರಿನ ಈ ಪದ್ಧತಿಯನ್ನು ಸ್ವಲ್ಪ ವಿವರಿಸುತ್ತೇನೆ. ಇಲ್ಲಿ ನನ್ನ ಪಕ್ಕದಲ್ಲಿ, ಮಾವಿನೆಲೆ ಚೆಂಡುಹೂವು ಕಟ್ಟಿಸಿಕೊಂಡು ತೂಗಾಡುತ್ತಿದೆಯಲ್ಲ, ಇದು ಮಂಡಿಯ ದೊಡ್ಡ ತಕ್ಕಡಿ. ವರ್ಷವೆಲ್ಲಾ ಇದರಲ್ಲಿ ಬೆಲ್ಲ ತೂಗುತ್ತಾರೆ, ಹುಣಸೆಹಣ್ಣು ತೂಗುತ್ತಾರೆ. ಇದೊಂದು ದಿನ ಮಕ್ಕಳನ್ನು ತೂಗುತ್ತಾರೆ. ಒಂದು ತಟ್ಟೆಯಲ್ಲಿ ಮಗು, ಇನ್ನೊಂದು ತಟ್ಟೆಯಲ್ಲಿ ಬೆಲ್ಲ. ಯಾವ ಮಗು ಹೆಚ್ಚು ತೂಗುತ್ತದೋ ಅದಕ್ಕೆ 'ಬಾಲಭೀಮ' ಎಂಬ ಬಿರುದು, ಬೆಳ್ಳಿ ಬಟ್ಟಲು, ಕೊರಳಿಗೆ ಹಾರ. ತೂಗಿದ ಬೆಲ್ಲ ಊರಿಗೆಲ್ಲಾ ಪ್ರಸಾದ. ಬಟ್ಟಲು ಕೊಡುವವರು ಶಂಕರಲಿಂಗಪ್ಪನವರು. ಹೋದ ಮೂರು ವರ್ಷವೂ ಅದನ್ನು ಗೆದ್ದವನು ಶಂಕರಲಿಂಗಪ್ಪನವರ ಮಗ ರುದ್ರೇಶ. ಬಟ್ಟಲು ಮನೆಯ ಗೂಡಿನಿಂದ ಮೆರವಣಿಗೆಯಲ್ಲಿ ಹೊರಟು, ಚಪ್ಪಾಳೆ ಹೊಡೆಸಿಕೊಂಡು, ತಿರುಗಿ ಅದೇ ಗೂಡಿಗೆ ಹೋಗಿ ಕೂರುತ್ತದೆ. ನಕ್ಕಿರಾ? ನಗಿ. ಅಧ್ಯಕ್ಷರು ಬೇಸರ ಮಾಡಿಕೊಳ್ಳುವುದಿಲ್ಲ. ಅವರು ನನ್ನ ಒಡಹುಟ್ಟಿದ ತಮ್ಮ. ಚಿಕ್ಕಂದಿನಲ್ಲಿ ಅವರ ಮೂಗು ಒರೆಸಿದವಳು ನಾನು.

ರುದ್ರೇಶ ನನ್ನ ಸೋದರಳಿಯ. ನನಗೆ ಮಕ್ಕಳಿಲ್ಲವೆಂದು ನನ್ನ ಹೆಸರಿನ ಅರ್ಧವನ್ನು ಅವನಿಗಿಟ್ಟರು. ಇಗೋ, ವೇದಿಕೆಯ ಮೇಲೇ ಜರಿ ಟೋಪಿ ಹಾಕಿಕೊಂಡು ಅಜ್ಜಿಯ ಪಕ್ಕದಲ್ಲಿ ಕೂತಿದ್ದಾನೆ ನೋಡಿ. ಹನ್ನೊಂದು ವರ್ಷ. ಕೈಯಲ್ಲಿ ನೀರಿನ ಲೋಟ ಇದೆ. ನಾನು ಮಾತಿಗೆ ನಿಂತ ಮೇಲೆ ಅದು ಎರಡನೆಯ ಲೋಟ. ಕುಡಿ ಮಗಾ, ಕುಡಿ. ನೀನು ಯಾವ ತಪ್ಪೂ ಮಾಡಿಲ್ಲ.

ಸಭಿಕರೇ, ಪುಷ್ಟಿ ಎಂದರೇನು? ನನಗೆ ಉತ್ತರ ಹೇಳಿ. ನನ್ನ ಶಾಲೆಗೆ ಮಿಡಿಗೇಶಿಯಿಂದ ಬರುವ ಹುಡುಗಿಯರಿದ್ದಾರೆ. ರಾಗಿಮುದ್ದೆ, ಹುರುಳಿ ಸಾರು, ಸೊಪ್ಪು ತಿಂದು ಬಂದು ಆಟದ ಬಯಲಿನಲ್ಲಿ ಗಾಳಿಯಂತೆ ಓಡುತ್ತಾರೆ. ಅವರನ್ನು ಯಾರಾದರೂ ವೇದಿಕೆ ಹತ್ತಿಸಿದಿರಾ? ಇಲ್ಲ. ಮುದ್ದೆ ಕೂಲಿಯವರ ಊಟ! ಸಾಹುಕಾರರ ಮನೆಯ ಮಗು ಮುದ್ದೆ ತಿಂದರೆ ಮಾನ ಹೋಗುತ್ತದೆ! ಅದಕ್ಕೇ ನಮ್ಮ ರುದ್ರೇಶನಿಗೆ ಬೆಳಿಗ್ಗೆ ತುಪ್ಪದಲ್ಲಿ ಮುಳುಗಿಸಿದ ದೋಸೆ, ಶಾಲೆಗೆ ಹೋಗುವಾಗ ಜೇಬಿಗೆ ಕಡಲೆಬೀಜದ ಉಂಡೆ, ಮಧ್ಯಾಹ್ನ ಹೋಳಿಗೆ, ಸಂಜೆ ಮಂಡಿಗೆ ಹೋದರೆ ಬಂದ ಗಿರಾಕಿಯೆಲ್ಲಾ ಸಾಹುಕಾರರ ಮಗನೆಂದು ಬಾಯಿಗೊಂದು ಚೂರು ಬೆಲ್ಲ. ನಡೆಯಲು ಬಿಡುವುದಿಲ್ಲ, ಜಟಕಾಗಾಡಿ. ಓಡಲು ಬಿಡುವುದಿಲ್ಲ, ಬಿದ್ದಾನು. ಹೀಗೆ ಮಾಡಿ ಮಾಡಿ ಆ ಮಗುವಿಗೆ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗೆ ಮಾಡಿದಿರಿ. ಮೇಲೆ ಅದಕ್ಕೆ ಹಾರ ಹಾಕಿದಿರಿ.

ಹಾರ ಹಾಕಿದ ಇದೇ ಊರು ಬೀದಿಯಲ್ಲಿ ಅವನನ್ನು ಏನೆಂದು ಕರೆಯುತ್ತದೆ ಗೊತ್ತೇ? ಡೊಳ್ಳು. ಎರಡು ವರ್ಷದ ಹಿಂದೆ ಒಂದು ದಿನ ನಾನು ಅವನನ್ನು ಕೇಳಿದೆ, ಯಾಕಪ್ಪಾ, ಎಲ್ಲರ ಜೊತೆ ಆಡಬಾರದೇ ಎಂದು. ಅವನು ಹೇಳಿದ: "ಅತ್ತೆ, ನಾನ್ ಓಡಿದ್ರೆ ಎಲ್ರೂ ನಗ್ತಾರೆ, ಸುಮ್ನೆ ಕೂತ್ರೆ ಬಹುಮಾನ ಕೊಡ್ತಾರೆ. ನಾನು ಕೂತ್ಕೊಂಡೇ ಇರ್ತೀನಿ ಬುಡು." ಒಂಬತ್ತು ವರ್ಷದ ಮಗು ಆಡುವ ಮಾತೇ ಇದು? ಈ ಊರಿನ ದೊಡ್ಡವರಿಗೆ ನಾಚಿಕೆಯಾಗಬೇಡವೇ?

ಅವತ್ತೇ ಹೋಗಿ ತಮ್ಮನಿಗೆ ಹೇಳಿದೆ. ಹುಡುಗ ಮಿತಿಮೀರಿ ದಪ್ಪವಾಗುತ್ತಿದ್ದಾನೆ, ಇದು ಒಳ್ಳೆಯದಲ್ಲ, ಊಟ ತಿದ್ದು, ನಡೆಸು, ಆಡಿಸು ಎಂದೆ. ಮಗುವನ್ನು ದಪ್ಪ ಎಂದು ಬಾಯಿಬಿಟ್ಟು ಹೇಳಬಾರದಂತೆ. ಅದರಲ್ಲೂ ನನ್ನಂಥವಳು ಹೇಳಲೇಬಾರದಂತೆ. ನಮ್ಮಮ್ಮ ಬಸವಮ್ಮನವರು ಒಳಗಿನಿಂದ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡೇ ಬಂದರು. ನನ್ನ ಕಣ್ಣೆದುರಿಗೇ ಮಗುವಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದರು. "ನರರ ಕಣ್ಗೆ ಕಲ್ಲೇ ಸಿಡೀತದೆ ಕಣಮ್ಮ. ಒಂದೂ ಹೆರದೋಳು ನೀನು, ಮಗೀನ ಮೈಮ್ಯಾಲೆ ಕಣ್ಣಾಕ್ಬ್ಯಾಡ" ಎಂದರು. ಹೆತ್ತ ತಾಯಿ, ಸ್ವಾಮಿ. ಇಲ್ಲೇ ಕೂತಿದ್ದಾರೆ. ಹೇಳಲಿ, ಆಡಿಲ್ಲವೆಂದು.

ಹೆರದವಳಿಗೆ ಏನು ಗೊತ್ತು ಎಂದು ನೀವೂ ಕೇಳಬಹುದು. ನನಗೆ ಗೊತ್ತಿರುವುದು ಒಂದೇ ಒಂದು, ಅದನ್ನು ಹೇಳಿಬಿಡುತ್ತೇನೆ. ನನ್ನನ್ನು ಹೊಳವನಹಳ್ಳಿಗೆ ಕೊಟ್ಟಿದ್ದರು. ನಮ್ಮ ಯಜಮಾನರು ಅಡವಯ್ಯನವರು. ಅವರ ಮನೆಗೆ ಒಬ್ಬನೇ ಮಗ. ಮದುವೆಯ ದಿನ ಹಸೆಮಣೆಯಿಂದ ಎಬ್ಬಿಸಲು ಇಬ್ಬರು ಕೈಕೊಟ್ಟರು, ಛತ್ರವೆಲ್ಲಾ ನಕ್ಕಿತು, ಅವರೂ ನಕ್ಕರು. ಬಹಳ ಒಳ್ಳೆಯವರು. ತಮಾಷೆಯವರು. ನಾನು ಮುನಿಸಿಕೊಂಡರೆ ಹೋಳಿಗೆಯ ಅರ್ಧ ಮುರಿದು ನನ್ನ ಎಲೆಗೆ ಹಾಕುತ್ತಿದ್ದರು. ಪೂರ್ತಿ ಯಾವತ್ತೂ ಹಾಕಲಿಲ್ಲ ಬಿಡಿ. ಎಳವೆಯಿಂದ ಅವರ ಮನೆಯವರು ಹಾಗೆಯೇ ತಿನ್ನಿಸಿ ತಿನ್ನಿಸಿ ಬೆಳೆಸಿದ್ದರು. ಇಪ್ಪತ್ತೈದು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ. ಮೊದಲು ಕಣ್ಣು ಮಂಜಾಯಿತು. ಪತ್ರಿಕೆ ಓದುವ ಹುಚ್ಚು ಅವರಿಗೆ, ಓದಲಾಗಲಿಲ್ಲ. ನನಗೆ ಅಕ್ಷರ ಕಲಿಸಿ ನನ್ನ ಕೈಯಲ್ಲಿ ಓದಿಸಿಕೊಳ್ಳುತ್ತಿದ್ದರು. ನಾನು ಮೇಡಂ ಆದದ್ದು ಹಾಗೆ. ತಪ್ಪು ಓದಿದರೆ ಬೇಕೆಂದೇ ತಿದ್ದುತ್ತಿರಲಿಲ್ಲ, ಇನ್ನೊಮ್ಮೆ ಓದು ರುದ್ರೂ ಎನ್ನುತ್ತಿದ್ದರು.

ಆಮೇಲೆ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಒಂದು ಚಪ್ಪಲಿ ಕಚ್ಚಿದ ಗಾಯ! ಅದು ಮಾಯಲೇ ಇಲ್ಲ. ಬೆರಳು ಹೋಯಿತು, ಪಾದ ಹೋಯಿತು, ಮಂಡಿಯವರೆಗೆ ಕಾಲು ಹೋಯಿತು, ಕೊನೆಗೆ ಅವರೇ ಹೋದರು. ಅವರಿಗೆ ಆಗ ಮೂವತ್ತೆರಡು ವರ್ಷ. ನಾನು... ಇರಲಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನೀರು ಬೇಡ, ಕಾರ್ಯದರ್ಶಿಗಳೇ, ನನಗೆ ಏನೂ ಆಗಿಲ್ಲ.

ವಿಷಯಕ್ಕೆ ಬರುತ್ತೇನೆ. ಈ ಸಲ ನವರಾತ್ರಿ ಕಳೆದ ಮೇಲೆ ರುದ್ರೇಶ ಇದ್ದಕ್ಕಿದ್ದಂತೆ ಇಳಿಯತೊಡಗಿದ. ಹಾಕಿದ ಅಂಗಿ ಜೋಲುತ್ತಿತ್ತು. ತಿಂದಷ್ಟೂ ಹಸಿವು, ಕುಡಿದಷ್ಟೂ ಬಾಯಾರಿಕೆ. ಅವನ ತಾಯಿ ಇಂದ್ರಮ್ಮ ದೇವಸ್ಥಾನದ ಹತ್ತಿರ ನನ್ನನ್ನು ಕಂಡು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು: "ಅತ್ಗೆ, ಮಗ ಮಲಗಿದ್ದೋನು ಎದ್ದೆದ್ದು ಹೊರೀಕೆ ಹೋಯ್ತವ್ನೆ, ಬಂದು ಕೊಡ ಎತ್ತಿ ನೀರು ಕುಡೀತವ್ನೆ. ಹೆಂಗ್ ಮಾಡ್ಲಿ? ಆ ಮನೇಲಿ ನನ್ ಮಾತು ಯಾರ್ ಕೇಳ್ತಾರೆ?" ನಾನು ನೆಟ್ಟಗೆ ಆ ಮನೆಯ ಹಿತ್ತಿಲಿಗೆ ಹೋದೆ. ಬಚ್ಚಲ ಪಕ್ಕದಲ್ಲಿ ಹುಡುಗ ಮೂತ್ರಕ್ಕೆ ಕೂರುವ ಜಾಗವೆಲ್ಲಾ ಇರುವೆ ಮುತ್ತಿ ಕಪ್ಪಾಗಿತ್ತು. ಹೊಳವನಹಳ್ಳಿಯಲ್ಲಿ ನಮ್ಮ ಯಜಮಾನರಿಗೆ ಕಾಯಿಲೆ ಬಂದಾಗ ಕಂಡದ್ದೇ ಇಲ್ಲಿಯೂ ಕಂಡಿತು. ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಏನೆಂದರು? "ಬೆಲ್ಲದ ಮಂಡಿಯೋರ ಮನೇಲಿ ಇರುವೆ ಬರ್ದೆ ಇನ್ನೇನ್ ಬತ್ತದೆ ಬುಡು!"

ಕೇಳಿದಿರಾ? ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ಒಬ್ಬರು ನಿಂತು ನೋಡುತ್ತಿದ್ದರು. ಈ ಮನೆಯಲ್ಲಿ ಇರುವೆ ಎಂದರೆ ಲಕ್ಷ್ಮಿ! ಮೂಟೆಗೆ ಇರುವೆ, ಗಾಡಿಗೆ ಇರುವೆ, ಜಗಲಿಗೆ ಇರುವೆ. ಮಗುವಿನ ಮೈಯೊಳಗಿನ ಸಕ್ಕರೆಗೆ ಮುತ್ತಿದ ಇರುವೆಯನ್ನು ವ್ಯಾಪಾರದ ಇರುವೆ ಎಂದುಕೊಂಡರು!

ಅವನು ಶಾಲೆ ಬಿಟ್ಟು ಬರುವಾಗ ತಡೆದು, ಒಂದು ಸೀಸೆಯಲ್ಲಿ ಮೂತ್ರ ಹಿಡಿಸಿ ಡಾಕ್ಟರ ಹತ್ತಿರ ಒಯ್ದೆ. ಹೌದು, ಸಭೆಯಲ್ಲಿ ಈ ಮಾತು ಆಡುತ್ತಿದ್ದೇನೆ, ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಿ. ಡಾಕ್ಟರು ಗಾಜಿನ ಕೊಳವೆಯ ನೀಲಿ ಔಷಧಿಗೆ ಕೆಲವು ತೊಟ್ಟು ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತಾ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅವರು ಹೇಳಿದರು: "ಅಮ್ಮಾ, ಇದು ಸಕ್ಕರೆ ಕಾಯಿಲೆಯೇ. ದಪ್ಪಗಿರುವ ಮಕ್ಕಳಿಗೆಲ್ಲಾ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಎಳೆಯ ಮೈಗೆ ಇಷ್ಟು ಬೊಜ್ಜು ಹೊರಿಸಿದರೆ ಈ ಕಾಯಿಲೆಗೆ ದಾರಿ ಮಾಡಿಕೊಟ್ಟ ಹಾಗೆ. ಇದರ ಹಿಂದೆಯೇ ರಕ್ತದ ಒತ್ತಡ, ಹೃದಯದ ತೊಂದರೆ, ಮಂಡಿನೋವು ಎಲ್ಲಾ ಬರುತ್ತವೆ. ಈಗ ಇಳಿಯುತ್ತಿರುವುದು ಒಳ್ಳೆಯ ಲಕ್ಷಣವಲ್ಲ, ತಿಂದದ್ದು ಮೈಗೆ ಹತ್ತುತ್ತಿಲ್ಲ. ಸಿಹಿ ತಕ್ಷಣ ನಿಲ್ಲಿಸಿ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಇನ್ಸುಲಿನ್ ಶುರುಮಾಡಿಸಿ. ತಡಮಾಡಿದರೆ ಹುಡುಗ ಎಚ್ಚರ ತಪ್ಪಿ ಬೀಳುತ್ತಾನೆ, ಆಮೇಲೆ ಯಾರ ಕೈಯಲ್ಲೂ ಇರುವುದಿಲ್ಲ."

ಓಡಿದೆ ತಮ್ಮನ ಹತ್ತಿರ. ಅಧ್ಯಕ್ಷರು ಗಾದಿಯ ಮೇಲೆ ಕೂತು ಮೀಸೆ ತಿರುವಿದರು. "ಸಕ್ಕರೆ ಕಾಯ್ಲೆ ಅಂದ್ರೆ ಸಾಹುಕಾರ್ರ ಕಾಯ್ಲೆ ಕಣಕ್ಕ. ಕೂಲಿಯೋರ್ಗೆ ಬತ್ತದಾ?" ಅದರಲ್ಲೂ ಒಂದು ಹೆಮ್ಮೆ, ಸ್ವಾಮಿ! ಕಾಯಿಲೆಗೂ ಹೆಮ್ಮೆಪಡುವ ಜನ ನಾವು! ನಾನು ಕಣ್ಣೀರಿಟ್ಟು ಕೈಮುಗಿದೆ. ಆಗ ಹೇಳಿದರು: "ಮಕ್ಕಳ ದಿನ ಕಳೀಲಿ. ಈ ವರ್ಷ ತಕ್ಕಡಿ ಹತ್ತದಿದ್ರೆ ಮಂಡಿ ಮಗ ಸೊರಗೋಗವ್ನೆ ಅಂತ ಶಿರಾ ವ್ಯಾಪಾರಿಗಳೆಲ್ಲಾ ಆಡ್ಕೋತಾರೆ. ಒಂದ್ ದಪ ತೂಗಿ ಇಳಿಸ್ಬುಡಾನ, ಆಮೇಲೆ ನೀ ಹೇಳ್ದಂಗೆ." ಒಳಗಿನಿಂದ ಅಮ್ಮನ ದನಿ ಬಂತು: "ಅವಳ್ ಕಣ್ಣೇ ಕಣ್ಲಾ ತಾಗಿರೋದು. ಅವಳ್ನ ಹೊಸ್ತಿಲು ದಾಟುಸ್ಬ್ಯಾಡ."

ಅಂದಿನಿಂದ ನನಗೆ ಆ ಮನೆಯ ಬಾಗಿಲು ಮುಚ್ಚಿತು. ಹುಡುಗನನ್ನು ಶಾಲೆಗೂ ಕಳಿಸಲಿಲ್ಲ. ಯಾಕೆ? ತೂಕ ಹೆಚ್ಚಿಸಲು! ಇಳಿದ ಮೈ ತುಂಬಿಕೊಳ್ಳಲೆಂದು ಹೊತ್ತುಹೊತ್ತಿಗೂ ಪಾಯಸ, ಬೆಲ್ಲದ ಪಾನಕ. ಸಭಿಕರೇ, ವಿಷ ಹಾಕುವವರಾದರೂ ಯಾರಿಗೂ ಕಾಣದಂತೆ ಹಾಕುತ್ತಾರೆ. ಇವರು ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದು ಮಾಡಿ, ಬೆಳ್ಳಿ ಚಮಚದಲ್ಲಿ ಹಾಕಿದರು. ಪ್ರೀತಿಯಂತೆ ಪ್ರೀತಿ! ಎಷ್ಟು ದಿನ ಈ ಹೆಸರು ಹೇಳಿಕೊಂಡು ಮಕ್ಕಳನ್ನು ಕೊಲ್ಲುತ್ತೀರಿ?

ಮನೆಯಲ್ಲಿ ನನ್ನ ಮಾತು ನಿಲ್ಲಿಸಿದರು. ಆದರೆ ಮಹಿಳಾ ಸಮಾಜದವರು ಭಾಷಣಕ್ಕೆ ಕರೆದಾಗ ಬೇಡವೆನ್ನಲು ಅಧ್ಯಕ್ಷರಿಗೆ ಬಾಯಿ ಬರಲಿಲ್ಲ. ಅದಕ್ಕೇ ಬಂದೆ. ತುಂಬಿದ ಸಭೆಯಲ್ಲಿ ಹೆಂಗಸಿನ ಬಾಯಿ ಮುಚ್ಚಿಸಲು ಗಂಡಸರು ಹಿಂದೆಮುಂದೆ ನೋಡುತ್ತಾರೆ. ಅಷ್ಟರ ಮಟ್ಟಿಗೆ ನಮ್ಮೂರು ಸಭ್ಯಸ್ಥರ ಊರು.

ಈಗ ಬಹುಮಾನದ ಸಮಯವೆಂದು ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ. ತಕ್ಕಡಿಗೆ ಮೊದಲ ಅಚ್ಚು ಬೆಲ್ಲ ನಾನೇ ಇಡಬೇಕಂತೆ. ಇಡುವುದಿಲ್ಲ. ರುದ್ರೇಶನನ್ನು ತಕ್ಕಡಿ ಹತ್ತಿಸಬೇಡಿ. ಅವನ ಮುಖ ನೋಡಿ. ತುಟಿ ಒಣಗಿದೆ, ಕಣ್ಣು ಒಳಗೆ ಹೋಗಿದೆ, ಅಜ್ಜಿಯ ಭುಜಕ್ಕೆ ತಲೆ ಆನಿಸಿ ಜೋಂಪಿನಲ್ಲಿದ್ದಾನೆ. ಇದು ಮಧ್ಯಾಹ್ನದ ನಿದ್ದೆಯಲ್ಲ ಅಮ್ಮಾ. ಡಾಕ್ಟರು ಹೇಳಿದ್ದು ಇದನ್ನೇ. ಹೊರಗೆ ಶಿರಾದ ಖಲೀಲುಲ್ಲಾ ಸಾಹೇಬರ ಬಾಡಿಗೆ ಕಾರು ತರಿಸಿ ನಿಲ್ಲಿಸಿದ್ದೇನೆ. ದಾರಿಗೆ ಡಾಕ್ಟರೂ ಬರುತ್ತಾರೆ, ಸೂಜಿ ಮದ್ದಿನ ಸಮೇತ ಕಾರಿನಲ್ಲೇ ಕೂತಿದ್ದಾರೆ. ಇಷ್ಟೆಲ್ಲಾ ಮಾಡಿದರೂ ಹುಡುಗನನ್ನು ಎತ್ತಿಕೊಂಡು ಹೋಗುವ ಹಕ್ಕು ನನಗಿಲ್ಲ. ಸೋದರತ್ತೆಗೆ ಆ ಹಕ್ಕು ಯಾರು ಕೊಟ್ಟಾರು?

ಏನದು ಗದ್ದಲ? ಹೆಂಗಸರ ಕಡೆ... ಯಾರೂ ಅವಳನ್ನು ಕೂರಿಸಬೇಡಿ. ಸೆರಗು ಜಗ್ಗಬೇಡಿ ಕಣ್ರೀ, ಬಿಡಿ! ಅವಳು ಇಂದ್ರಮ್ಮ, ಹೆತ್ತವಳು. ಹನ್ನೆರಡು ವರ್ಷ ಆ ಮನೆಯಲ್ಲಿ ತಲೆ ಎತ್ತದವಳು ಈಗ ಎದ್ದಿದ್ದಾಳೆ. ಬಾರಮ್ಮಾ, ಮೆಟ್ಟಿಲು ಈ ಕಡೆ ಇದೆ. ಹಾಂ, ಎತ್ತಿಕೋ. ಭಾರವೆನ್ನಬೇಡ, ನಾನೂ ಕಾಲು ಹಿಡಿಯುತ್ತೇನೆ. ಅಮ್ಮಾ, ನೀನು ಅವನ ಕೈ ಬಿಡು. ಬೇಕಾದರೆ ನನಗೆ ಇನ್ನೂ ನಾಲ್ಕು ಮಾತು ಅನ್ನು, ನಾಳೆ ಬಂದು ಕೇಳಿಸಿಕೊಳ್ಳುತ್ತೇನೆ, ಇವತ್ತು ಬಿಡು.

ಶಂಕ್ರಾ, ನೀನು ಸಭೆಯ ಅಧ್ಯಕ್ಷ. ಕುರ್ಚಿ ಬಿಟ್ಟು ಬರಲಾಗದಿದ್ದರೆ ಕೂತಿರು, ಬಟ್ಟಲು ಯಾರಿಗಾದರೂ ಕೊಡು. ಆ ಮಗುವಿಗೆ ನೀನು ಅಪ್ಪನೂ ಹೌದು ಎನ್ನುವುದು ನೆನಪಾದರೆ, ಕಾರಿನಲ್ಲಿ ನಿನಗೂ ಜಾಗವಿದೆ.

ನನಗೆ ಮಾತಿಗೆ ಅವಕಾಶ ಕೊಟ್ಟ ಮಹಿಳಾ ಸಮಾಜದವರಿಗೂ, ಇಷ್ಟು ಹೊತ್ತು ಬೈಸಿಕೊಂಡು ಕೂತ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ. ದಾರಿ ಬಿಡಿ.