ಸೋಮವಾರದ ಪೆಟ್ಟು

...ಇಲ್ರಿ ಲಾಡ್ಲೆಸಾಬ ಚಾಚಾ, ಹಂಗ ಎದ್ದು ಹೋಗಬ್ಯಾಡ್ರಿ. ಕೂಡ್ರಿ. ನನ್ನ ತಮ್ಮ ಮುಸ್ತಕೀಮನ ಹೆಣ ತೊಳದು ಗುಸಲ್ ಮುಗಿಸೀರಿ, ಕಫನ್ ಸುತ್ತೀರಿ. ಅಸರ್ ನಮಾಜು ಆದಮ್ಯಾಲ ಮಣ್ಣು, ಅದಕ್ಕ ಇನ್ನ ಒಂದು ತಾಸು ಅದ. ಅವನ ಹೆಣ್ತಿ ಹಜರಾಬಿಯ ಅಣ್ಣಂದಿರು ಯಡ್ರಾಮಿಯಿಂದ ಹೊಂಟಾರಂತ. ಬಂದವರು ಮೊದಲು ನಿಮ್ಮನ್ನೇ ಕೇಳ್ತಾರ. ಮಯ್ಯತ್ ತೊಳದವರು ನೀವು, ಮೈ ಹೆಂಗಿತ್ತು ಅಂತ. ಅಷ್ಟರಾಗ ನಿಮಗ ಒಂದು ಮಾತು ಹೇಳಬೇಕು.

ನನ್ನ ಕೈ ಯಾಕ ನೋಡ್ತೀರಿ? ತೊಳದೇನಿ. ನಮಾಜಿನ ವಜೂನೂ ಮಾಡೇನಿ.

ನಿನ್ನೆ ಸೋಮವಾರ, ಹೌದಲ್ರೀ? ನಿಮಗೆಲ್ಲಾ ಅದು ಒಂದು ಸೋಮವಾರ. ನನಗ ಎಪ್ಪತ್ತೊಂದು.

ತಲಿ ಅಲ್ಲಾಡಿಸಬ್ಯಾಡ್ರಿ. ಹುಚ್ಚು ಹಿಡದಿಲ್ಲ ನನಗ. ಪೂರಾ ಕೇಳ್ರಿ.

ಮೊದಲನೇ ಸೋಮವಾರ ನಿಂಬರ್ಗಾ ಹೊಲದಾಗ ತೊಗರಿ ರಾಶಿ ನಡದಿತ್ತು. ಮುಸ್ತಕೀಮ ಮಷೀನಿಗೆ ತೊಗರಿ ಗಿಡ ಕೊಡಾಕತ್ತಿದ್ದ. ಹನ್ನೊಂದು ಗಂಟೆ ಸುಮಾರಿಗೆ ಅವನ ಕುತ್ತಿಗ್ಯಾಗಿನ ದಸ್ತಿ ಬೆಲ್ಟಿಗೆ ಸಿಕ್ತು. ನಾ ಓಡಿ ಮಷೀನು ಬಂದ್ ಮಾಡೋದರಾಗ ಕುತ್ತಿಗಿ ಮುರದಿತ್ತು. ರಕ್ತ ಕಾಳಿನ ರಾಶಿ ಮ್ಯಾಲ ಇಳೀತು. ಅತ್ತೂ ಅತ್ತೂ ನಿದ್ದಿ ಹತ್ತಿತು. ಮುಂಜಾನಿ ಎಚ್ಚರಾದ್ರ ನನ್ನ ಹೆಣ್ತಿ ಖುರ್ಷಿದ ಚಾ ಕೊಟ್ಟು, "ರಾಶಿ ಮಷೀನು ಬಂದದಂತ, ಲಗು ಹೋಗ್ರಿ" ಅಂದಳು. ಹೊರಗ ಮುಸ್ತಕೀಮ ನಿಂತಾನ. ಅದೇ ದಸ್ತಿ. "ಭಾಯ್, ಮುದುಕ ಆದಿ ಬಿಡು, ಬಿಸಲು ಬಿದ್ರೂ ಏಳಂಗಿಲ್ಲ" ಅಂತ ನಗಾಕತ್ತಾನ. ತೆಕ್ಕಿ ಬಿದ್ದು ಅತ್ತೆ. ಕನಸಿತ್ತು ಅಂದುಕೊಂಡೆ.

ಹನ್ನೊಂದಕ್ಕ ಅದೇ ಬೆಲ್ಟು, ಅದೇ ಸಾವು. ಮರುದಿನ ಮತ್ತ ಅದೇ ಸೋಮವಾರ, ಅದೇ ನಗಿ.

ದಸ್ತಿ ಕಸಗೊಂಡೆ, ಅಂಗಿ ತೋಳು ಸಿಕ್ತು. ಮಷೀನು ಬಂದ್ ಇಟ್ಟೆ, ಟ್ರಾಲಿ ಹಿಂದಕ್ಕ ಉರುಳಿ ಎದಿ ಮ್ಯಾಲ ಹೋಯ್ತು. ಮನ್ಯಾಗ ಕೂಡಿಸಿದೆ, ಸಿಟ್ಟು ಮಾಡಿ ಬೈಕ್ ಹತ್ತಿ ಹೋದವ ಆಳಂದ ರೋಡಿನಾಗ ಲಾರಿ ಕೆಳಗ ಸಿಕ್ಕ. ಸಂಜಿ ನೋಡಿದವನೇ ಅಲ್ಲ ಅವ. ಹತ್ತು ಸಲ ಅತ್ತೆ. ಇಪ್ಪತ್ತನೇ ಸಲ ಕಣ್ಣೀರು ಬರಲಿಲ್ಲ. ಮೂವತ್ತನೇ ಸಲ ಹೆಣ ಎತ್ತೋ ಮುಂದ ನನಗ ಹಸಿವಾಗಿತ್ತು, ಚಾಚಾ.

ನನ್ನ ಕಂಡು, ಯಾಕೂಬಸಾಬ ಅಂದ್ರ ಇರುವಿಗೂ ದಾರಿ ಬಿಡಾವ ಅಂತಿತ್ತು ಈ ಊರು. ನಾನೂ ಹಂಗೇ ತಿಳದಿದ್ದೆ. ಒಂದಿನ ಮುಸ್ತಕೀಮ ಮಾತು ಕೇಳವಲ್ಲ ಅಂತ ಕಪಾಳಕ್ಕ ಹೊಡದೆ. ಮರುದಿನ ಅದೇ ಕಪಾಳ, ಒಂದು ಗುರುತಿಲ್ಲ. ಅವನಿಗೂ ನೆನಪಿಲ್ಲ, ಅವನ ಮೈಗೂ ನೆನಪಿಲ್ಲ. ಭುಜದ ಮ್ಯಾಲ ಕುಂತ ಫರಿಶ್ತೇರು, ದೇವದೂತರು, ನಮ್ಮ ಪಾಪ ಪುಣ್ಯ ಎಲ್ಲಾ ಬರೀತಾರ ಅಂತ ಸಣ್ಣವ ಇದ್ದಾಗಿಂದ ನಂಬಿದವ ನಾ. ಬರದ ಹಾಳಿನೇ ದಿನಾ ಮುಂಜಾನಿ ಖಾಲಿ ಆಗಾಕತ್ತಿದ್ರ?

ಮೊದಲು ಉಳಿಸಾಕ ಹೊಡೀತಿದ್ದೆ. ಆಮ್ಯಾಗ, ನಕ್ಕದ್ದಕ್ಕ. ಆಮ್ಯಾಗ ನಗೋ ಮೊದಲೇ. ನಟ್ಟು ಬಿಗಿಯೋ ಪಾನಾ ತಗೊಂಡು ಒಂದಿನ ಹಲ್ಲು ಉದುರಿಸಿದೆ. ಹೆಂಗಿದ್ರೂ ನಾಳೆ ಬರ್ತಾವಲ್ಲ, ಹಲ್ಲು.

ಬ್ಯಾಡ್ರಿ, ಏಳಬ್ಯಾಡ್ರಿ. ಚೊಲೋದೂ ಅದ, ಕೇಳ್ರಿ.

ನಿನ್ನೆ, ಎಪ್ಪತ್ತೊಂದನೇದು, ದವಡಿಗೆ ಒಂದು ಬಿಟ್ಟು ಕೆಡವಿದೆ. ಎಳಕೊಂಡು ಹೋಗಿ ಹೊಲದ ಮೇವಿನ ಕೋಣ್ಯಾಗ ಹಗ್ಗದಿಂದ ಕಟ್ಟಿ ಹಾಕಿದೆ. ಹನ್ನೊಂದು ದಾಟಿತು. ಮಧ್ಯಾಹ್ನದ ಜೋಹರ್ ನಮಾಜು ದಾಟಿತು. ಸಂಜಿ ಮಗ್ರಿಬ್ ಆದ್ರೂ ಬದುಕಿದ್ದ. ಬೈತಿದ್ದ ನನ್ನ, ನಮ್ಮ ಅವ್ವನ್ನೂ ಬಿಡದಂಗ. ಅಷ್ಟು ಚಂದ ಬೈಗಳ ನಾ ಹುಟ್ಟಿದಾಗಿಂದ ಕೇಳಿಲ್ಲ. ಹಗ್ಗ ಬಿಚ್ಚಿ ಮನಿಗೆ ಕಳಿಸಿದೆ.

ಇವತ್ತು ಎದ್ದೆ. ಇವತ್ತೂ ಸೋಮವಾರನೇ ಅಂತ ತಿಳಕೊಂಡೆ. ಹೊಲಕ್ಕ ಹೋದೆ, ಆಳುಗಳು ಇನ್ನ ಬಂದಿರಲಿಲ್ಲ. ಇವ ಎದುರು ಬಂದ. ರೂಢಿ ಬಿದ್ದ ಕೈ, ಒಂದು ಏಟು ಬಿತ್ತು. ಜೋಲಿ ತಪ್ಪಿ ತಿರುಗೋ ಬೆಲ್ಟಿನ ಮ್ಯಾಲ ಬಿದ್ದ. ಮಷೀನು ಎಳಕೊಂಡ್ತು. ನಾಳೆಗೆ ಅಳಿಸಿ ಹೋಗೋ ಪೆಟ್ಟು ಅಂತ ಹೊಡದದ್ದು, ಚಾಚಾ. ದಿನ ತಪ್ಪಿತು, ಅಷ್ಟೇ. ಹಿರ್ಯಾರೂ ಮಷೀನಿನ ಸಾವು ಅಂದ್ರು, ಪೊಲೀಸು ಪಂಚನಾಮಾ ಬ್ಯಾಡಂದ್ರು. ಯಡ್ರಾಮಿಯವರಿಗೆ ನೀವೂ ಹಂಗೇ ಒಂದು ಮಾತು ಹೇಳ್ರಿ. ಮಷೀನಿನ ಗಾಯ ಅಂತ. ಮಯ್ಯತ್ ತೊಳದವ ಕಂಡದ್ದನ್ನ ಮುಚ್ಚಬೇಕು ಅಂತ ನಮಗ ಕಲಿಸಿದವರೇ ನೀವು.

ಹೂಂ ಅನ್ರಿ.



...ಬಲಗಡಿ ದವಡಿ ಮ್ಯಾಲ ಯಾಕ ಕೈ ಇಟಗೊಂಡ್ರಿ? ನಿಮ್ಮ ದವಡಿಗೆ ಏನಾಗೇದ?

ಹಾಂ... ಅವನ ಮಾರಿ ತೊಳದವರು ನೀವೇ ಅಲ್ರೀ. ಅವನ ದವಡಿ ಬಾತಿತ್ತು. ಕಪ್ಪುಗಟ್ಟಿತ್ತು. ಇವತ್ತಿನ ಗಾಯ ಎಲ್ಲಾ ಕೆಂಪು ಇದ್ವು, ಅದೊಂದೇ ಕಪ್ಪು. ಹಂಗ ಕಪ್ಪಗಾಗಾಕ ಒಂದು ರಾತ್ರಿ ಬೇಕು.

ಮಾತಾಡ್ರಿ, ಚಾಚಾ. ಬೈರಿ. ಹಂಗ ನೋಡಬ್ಯಾಡ್ರಿ.

ನನಗೂ ಕಂಡಿತ್ತು. ಮುಂಜಾನಿ ಅವ ಬಂದವನೇ ಆ ದವಡಿ ಹಿಡಕೊಂಡು, "ಭಾಯ್, ನಿನ್ನೆ ಯಾಕ ಹೊಡದಿ? ನಾ ಏನ್ ಮಾಡಿದ್ದೆ?" ಅಂದ. ನಿನ್ನೆ ಅಂದ. ಅಷ್ಟು ದಿನದಾಗ ಒಂದು ಸಲಾನೂ ಅವ ನಿನ್ನೆ ಅಂದವನಲ್ಲ. ಮಂಗಳವಾರ ಬಂದದ ಅಂತ ತಿಳೀತು. ನನ್ನ ತಮ್ಮ ಉಳದಾನ ಅಂತ ತಿಳೀತು. ತೆಕ್ಕಿ ಬೀಳಬೇಕಿತ್ತು. ಅವ ಜವಾಬು ಕೇಳಿಕೋತ ನಿಂತಿದ್ದ, ಕಣ್ಣಾಗ ನೀರು ತುಂಬಕೊಂಡು. ಜವಾಬು ಕೊಡೋದು ನನಗ ಮರತಿತ್ತು, ಚಾಚಾ. ಹೊಡೆಯೋದು ಬರ್ತಿತ್ತು.

ಒಂದು ಏಟಲ್ಲ. ಮೂರು, ತಲಿ ಹಿಂದ, ಪಾನಾದಿಂದ.

ಮಷೀನು ಬಂದ್ ಇತ್ತು. ಆಮ್ಯಾಗ ನಾನೇ ಚಾಲೂ ಮಾಡಿದೆ.