ನಿಮ್ಮ ಊರಿನ ರಾಹುಕಾಲ

ಕೇಳಿ ಭಕ್ತರೇ, ಒಬ್ಬ ಶ್ರೀಮಂತನಿದ್ದ. ಯಾವ ಊರಿನವನು ಎಂದು ಕೇಳಬೇಡಿ, ಹೇಳುವುದಿಲ್ಲ. ಎಲ್ಲಿದ್ದೇವೆಂದು ಕಂಡಕಂಡವರಿಗೆ ಹೇಳಿಯೇ ನಾವು ಕೆಟ್ಟಿರುವುದು!

ಅವನಿಗೆ ಒಬ್ಬಳೇ ಮಗಳು. ಅಳಿಯ ಕುಡಿದು ಬಡಿಯುವವನು. ಒಂದು ದಿನ ಅವಳ ಕೈಮೂಳೆಯನ್ನೇ ಮುರಿದ. ಮಗಳು ತಪ್ಪಿಸಿಕೊಂಡು ತವರಿಗೆ ಬಂದಳು. ತಂದೆ ಅವಳನ್ನು ದೂರದ ಊರಿನಲ್ಲಿ, ತನಗೆ ಪಾಠ ಹೇಳಿದ್ದ ಟೀಚರಮ್ಮನ ಮನೆಯಲ್ಲಿ ಬಚ್ಚಿಟ್ಟ. ಹೆಂಡತಿಗೂ ವಿಳಾಸ ಹೇಳಲಿಲ್ಲ. ಪ್ರತಿ ಗುರುವಾರ ಮನೆಯ ಕಾರು ಬಿಟ್ಟು ಕೆಂಪು ಬಸ್ಸು ಹತ್ತಿ ಹೋಗುತ್ತಿದ್ದ. ಎಷ್ಟು ಜಾಗ್ರತೆ ನೋಡಿ!

ಮಗಳನ್ನು ನೋಡಲು ಹೊರಡುವುದು ಒಳ್ಳೆಯ ಗಳಿಗೆಯಲ್ಲೇ ಆಗಬೇಕಲ್ಲ? ಫೋನಿಗೆ ಒಂದು ಪುಕ್ಕಟೆ ಪಂಚಾಂಗ ಹಾಕಿಕೊಂಡ. ‘ನಿಮ್ಮ ಊರಿನ ರಾಹುಕಾಲ ತಿಳಿಸಲು ನೀವಿರುವ ಜಾಗವನ್ನು ಸದಾಕಾಲ ನೋಡಬಹುದೇ?’ ಎಂದು ಅದು ಕೇಳಿತು. ಪಂಚಾಂಗ ತಾನೇ, ದೇವರ ಕೆಲಸ ತಾನೇ ಎಂದು ಇವನು ಒಪ್ಪಿಗೆ ಒತ್ತಿದ. ಊರಿನ ಹೆಸರು ಬರೆದಿದ್ದರೆ ಸಾಕಿತ್ತಪ್ಪಾ! ಸೂರ್ಯ ಇವನ ಜೇಬಿನಿಂದ ಹುಟ್ಟುತ್ತಾನೆಯೇ?

ಅವನು ಕೂತದ್ದು, ನಿಂತದ್ದು, ಬಸ್ಸಿಳಿದದ್ದು ಎಲ್ಲವನ್ನೂ ಆ ಪಂಚಾಂಗದವರು ಇಂಥ ಮಾಹಿತಿಯ ವ್ಯಾಪಾರ ಮಾಡುವ ದಲ್ಲಾಳಿಗೆ ಮಾರಿದರು. ದಲ್ಲಾಳಿಯಿಂದ ಅಳಿಯ ಕೊಂಡ. ‘ನಾವು ಹೆಸರು ಕೊಡುವುದಿಲ್ಲ, ಬರೀ ಜಾಗ’ ಎನ್ನುತ್ತಾರೆ ಮಾರುವವರು. ನಾಚಿಕೆಯಾಗಬೇಡವೇ? ಹಗಲೆಲ್ಲ ಮಾವನ ಅಂಗಡಿಯಲ್ಲಿ, ರಾತ್ರಿಯೆಲ್ಲ ಮಾವನ ಮನೆಯಲ್ಲಿರುವ ಫೋನು ಯಾರದೆಂದು ಅಳಿಯನಿಗೆ ತಿಳಿಯದೇ? ಪ್ರತಿ ಗುರುವಾರ ಅದು ಹೋಗಿ ನಿಲ್ಲುವ ಮನೆಯಲ್ಲಿ ಯಾರಿದ್ದಾರೆಂದು ತಿಳಿಯದೇ?

ಮುಂದಿನ ಗುರುವಾರ ತಂದೆ ಹೋದಾಗ ಆ ಮನೆಯ ಬಾಗಿಲು ಮುರಿದಿತ್ತು. ಟೀಚರಮ್ಮ ಕೂಗಿ ಜನ ಸೇರಿಸಿದ್ದರಿಂದ ಮಗಳ ಜೀವ ಉಳಿದಿತ್ತು. ಅಳಿಯ ಓಡಿಹೋಗಿದ್ದ.

“ಅಪ್ಪಾ, ಗುರುವಾರ ನೀವು ಬರೋದು ಅವ್ನಿಗೆ ಗೊತ್ತು. ಅದನ್ನೇ ಹೇಳ್ಕೊಂಡು ಹೊಡೆದ. ನೀವು ಹೇಳಿದ್ರಾ?”

“ಇಲ್ಲ ಮಗಳೇ, ನಿನ್ನಾಣೆ! ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.”

ನಿಜವೇ. ಬಾಯಿ ಬಿಟ್ಟಿರಲಿಲ್ಲ. ಮಗಳು ಬಟ್ಟೆ ತುಂಬಿಕೊಂಡು ಎದ್ದಳು.

“ನಾನು ಇನ್ನೆಲ್ಲಾದ್ರೂ ಇರ್ತೀನಿ. ಎಲ್ಲಿ ಅಂತ ಕೇಳ್ಬೇಡಿ ಅಪ್ಪಾ. ನೀವಂತೂ ಬರ್ಲೇಬೇಡಿ.”

ಹೆತ್ತ ತಂದೆಗೆ ಈ ಮಾತು! ಅವನು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಅತ್ತ. ಅವಳು ಯಾವ ಕಡೆ ಹೋದಳೆಂದು ತಲೆಯೆತ್ತಿ ನೋಡಲಿಲ್ಲ.

ಅಯ್ಯೋ ಪಾಪ ಎನ್ನುತ್ತಿದ್ದೀರಿ, ಸರಿ. ನಿಮ್ಮ ಫೋನಿನಲ್ಲಿ ಏನಿದೆ ಹೇಳಿ! ಟಾರ್ಚು ಬೆಳಗಲು ನೀವೆಲ್ಲಿದ್ದೀರೆಂದು ಯಾಕೆ ಗೊತ್ತಾಗಬೇಕು? ಭಜನೆ ಹಾಡಲು ಯಾಕೆ ಗೊತ್ತಾಗಬೇಕು? ಮಾರುವವರನ್ನು ಬಿಡಬೇಡಿ, ಗಟ್ಟಿಯಾಗಿ ಕೇಳಿ, ದೂರು ಕೊಡಿ. ಆದರೆ ಒಪ್ಪಿಗೆ ಒತ್ತಿದ ಬೆರಳು ನಮ್ಮದು ಸ್ವಾಮಿ, ನಮ್ಮದು!

ಹರಿಕಥೆ ಮುಗಿಯಿತು, ಪ್ರಸಾದ ಆಮೇಲೆ. ಈಗ ಫೋನು ತೆಗೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ ಯಾರ್ಯಾರಿಗೆ ಲೊಕೇಶನ್ ಕೊಟ್ಟಿದ್ದೀರಿ ನೋಡಿ. ಬೇಡದ್ದನ್ನೆಲ್ಲ ಆಫ್ ಮಾಡಿ. ದಾರಿ ತೋರಿಸುವ ಮ್ಯಾಪಿಗೆ ಕೊಡಿ, ಅದೂ ಬಳಸುವಾಗ ಮಾತ್ರ. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಿ, ಅದರಲ್ಲೇನು ಅವಮಾನ? ನಿಮ್ಮನ್ನು ನಂಬಿಕೊಂಡು ಎಲ್ಲೋ ಒಂದು ಹೆಣ್ಣುಮಗು ಅಡಗಿ ಕೂತಿರಬಹುದು. ಅವಳಿಗೋಸ್ಕರ ತೆಗೆಯಿರಿ. ನಾನು ಕಾಯುತ್ತೇನೆ.