ಎಂಬತ್ತನಾಲ್ಕು ಬಾಕ್ಸು

ಎಂಬತ್ತನಾಲ್ಕು ಬಾಕ್ಸು, ಮೇಷ್ಟ್ರೇ! ನಿಮ್ಮ ಶಾಲೆಯ ಹಾಲ್‌ಗೆ ಟೈಲ್ಸು ಎಂಬತ್ತನಾಲ್ಕು ಬಾಕ್ಸು ಅಂತ ನಾನು ಕೊಟ್ಟ ಕೊಟೇಷನ್ನು ನೋಟಿಸ್ ಬೋರ್ಡಿಗೇ ಹಚ್ಚಿದ್ದಾರೆ. ನಾಳೆ ಕಮಿಟಿ ಸಹಿ ಹಾಕಬೇಕು. ಅಂಥಾದ್ರಲ್ಲಿ ನೀವು ಮಕ್ಕಳ ಕೈಗೆ ಟೇಪು ಕೊಟ್ಟು ಆ ಹಾಲನ್ನೇ ಅಳೆಸಿದ್ದೀರಿ! ಗುಂಪು ಕಟ್ಕೊಂಡು ವಾದ ಮಾಡಿ, ಬೋರ್ಡಿಗೆ ಬಂದು ಬಾಯ್ಬಿಟ್ಟು ವಿವರಿಸಿ ಅಂದಿದ್ದೀರಿ. ಗಣಿತ ಅಂದ್ರೆ ಏನು, ಸಂತೆಯಾ? ಲೆಕ್ಕ ಬಾಯಿ ಮುಚ್ಕೊಂಡು ಮಾಡೋದು. ನಾನು ಇಷ್ಟು ವರ್ಷ ಹಾಗೇ ಮಾಡಿದ್ದು... ಯಾಕೆ ನಗ್ತೀರಿ?

ನನ್ನ ಮಗಳು... ನೆಂಟರು ಬಂದ್ರೆ ಬಾಗಿಲ ಹಿಂದೆ ನಿಲ್ಲೋಳು. ಕಾಲಿನ ಹೆಬ್ಬೆರಳು ನೋಡ್ಕೊಂಡು ಮಾತಾಡೋಳು. ಅವಳು ನಿನ್ನೆ ಇಡೀ ಕ್ಲಾಸಿನ ಮುಂದೆ ನಿಂತು 'ಅರವತ್ತೆಂಟು ಸಾಕು' ಅಂದ್ಳಂತೆ. ಹೇಗೆ ಅಂದೋರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದ್ಳಂತೆ. ಹೆತ್ತಪ್ಪನ ಅನ್ನಕ್ಕೆ ಕಲ್ಲು ಹಾಕೋ ಪಾಠ, ಅಲ್ವಾ?

ಇದೇನು, ಸೀಮೆಸುಣ್ಣ ನನಗ್ಯಾಕೆ? ಓಹೋ. ತಪ್ಪು ಅನ್ನೋರು ಬೋರ್ಡಿಗೆ ಬಂದು ಹೇಳ್ಬೇಕು, ಮುಗಿಯೋವರೆಗೆ ಉಳಿದೋರು ಬಾಯಿ ಹಾಕಬಾರದು... ನಿಮ್ಮ ಕಾನೂನು. ಮನೇಲೂ ಅವಳದು ಅದೇ ಮಂತ್ರ. ಕೊಡಿ ಇಲ್ಲಿ.

ನೋಡಿ. ಈ ಗೆರೆ ಎಳೆದದ್ದು ನಿಮ್ಮ ಹಾಲ್, ಉದ್ದ ನಲವತ್ತಡಿ. ಅಗಲ ಮೂವತ್ತೆರಡು. ಎರಡಡಿ ಚೌಕದ ಟೈಲು, ಬಾಕ್ಸಿಗೆ ನಾಲ್ಕು. ಎಂಬತ್ತು ಬಾಕ್ಸು. ಒಡೆದದ್ದು, ಕತ್ತರಿಸಿದ್ದು ಅಂತ ಇನ್ನೂ ನಾಲ್ಕು. ಆಯ್ತಲ್ಲ ಎಂಬತ್ತನಾಲ್ಕು? ಎಲ್ಲಿ ತಪ್ಪು, ತೋರ್ಸಿ.

ತೋರ್ಸಿ ಅಂದೆ.

ಏನು ನೋಡ್ತಿದ್ದೀರಿ? ಆ ತುದೀನಾ? ಅದು ವೇದಿಕೆ. ಉದ್ದದಲ್ಲಿ ಎಂಟಡಿ, ಅಗಲ ಪೂರ್ತಿ. ಇರ್ಲಿ, ಅದೂ ನೆಲಾನೇ ತಾನೆ... ಹಲಗೆ ಹಾಸಿದೆ, ಸರಿ. ಹಲಗೆ ಮೇಲೆ ಟೈಲು ಕೂರಲ್ಲ, ಅದೂ ಸರಿ. ಅಲ್ಲಿ ಹಲಗೆ ಇದೆ ಅಂತ ನಾನೇನು ಕನಸು ಕಂಡಿದ್ನಾ...

ಹಾಗೆ ನೋಡ್ಬೇಡಿ, ಮೇಷ್ಟ್ರೇ. ಹೋದ ವರ್ಷ ಆ ಹಲಗೆ ಹಾಸಿಸಿದ್ದೇ ನಾನು. ಸಾಕಾ? 'ಅಪ್ಪಾ, ವೇದಿಕೇನೂ ಸೇರಿಸಿದ್ದೀಯಲ್ಲ' ಅಂತ ಅವಳು ಮೊದಲು ಕೇಳಿದ್ದೂ ನನ್ನನ್ನೇ. ದೊಡ್ಡೋರ ವ್ಯಾಪಾರದಲ್ಲಿ ಮೂಗು ತೂರಿಸ್ಬೇಡ ಅಂತ ಗದರಿಸಿದೆ.

ಈಗಲಾದ್ರೂ ಏನಾದ್ರೂ ಅನ್ನಿ... ಅನ್ನಲ್ಲ. ಮುಗಿಯೋವರೆಗೆ ಅನ್ನಲ್ಲ.

ಡಸ್ಟರ್ ಎಲ್ಲಿ? ವೇದಿಕೇದು ಹದಿನಾರು ಕಳೆದ್ರೆ ಅರವತ್ತೆಂಟು. ಬೆಳಿಗ್ಗೆ ಕಮಿಟಿಗೆ ಹೊಸ ಕೊಟೇಷನ್ನು ತಂದುಕೊಡ್ತೀನಿ. ಹೋದದ್ದು ಹದಿನಾರು ಬಾಕ್ಸು. ಬಂದದ್ದು, ಮನೇಲೇ ಒಬ್ಬ ಆಡಿಟರು. ಸಂಬಳ ಇಲ್ಲ, ರಜೆ ಇಲ್ಲ, ಇನ್ನು ಬಾಯಿಗೆ ಬೀಗಾನೂ ಇಲ್ಲ.